ಯಾವ ವಿಎಂಗಳು ಓಡುತ್ತಿವೆ? ಈ ಪ್ರಶ್ನೆಗೆ ಎಪಿಐ ಉತ್ತರ ಕೊಡುವುದು ಹೇಗೆ

ನಿಮ್ಮ ಹತ್ತಿರ ಒಂದಿಷ್ಟು ವರ್ಚುವಲ್ ಮಷಿನ್‌ಗಳು (ವಿಎಂ) ಇವೆ. ಯಾವುವು ಈಗ ಓಡುತ್ತಿವೆ, ಯಾವುವು ನಿಂತಿವೆ ಅಂತ ತಿಳಿಯಬೇಕು. ಸಣ್ಣ ಪ್ರಶ್ನೆ, ಅಲ್ವಾ? ಒಂದು ಪಟ್ಟಿ ಕೊಟ್ಟರೆ ಮುಗಿಯಿತು ಅನ್ನಿಸುತ್ತದೆ. ಆದರೆ ಈ ಪಟ್ಟಿಯನ್ನು ಮನುಷ್ಯರಿಗಿಂತ ಜಾಸ್ತಿ ಓದುವುದು ಪ್ರೋಗ್ರಾಂಗಳು. ಬಿಲ್ ಲೆಕ್ಕ ಹಾಕುವ ಸ್ಕ್ರಿಪ್ಟ್, ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್, ಯಾರೂ ಬಳಸದ ಡಿಸ್ಕ್‌ಗಳನ್ನು ಅಳಿಸುವ ಸ್ಕ್ರಿಪ್ಟ್, ಎಲ್ಲವೂ ಶುರುವಾಗುವುದು ಈ ಒಂದು ಪ್ರಶ್ನೆಯಿಂದ. ಪಟ್ಟಿಯಲ್ಲಿ ಒಂದು ವಿಎಂ ತಪ್ಪಿಹೋದರೆ ಅದಕ್ಕೆ ಬ್ಯಾಕಪ್ ಇಲ್ಲ. ತಪ್ಪಿಹೋಗಿದೆ ಅಂತ ಹೇಳುವವರೂ ಇಲ್ಲ.

ಕ್ಲೌಡ್ ಬಂದ ಮೇಲೆ ಸಿಸ್ಟಂ ಅಡ್ಮಿನ್ ಅಲ್ಲದವರೂ ಇಂಥ ಸ್ಕ್ರಿಪ್ಟ್ ಬರೆಯುತ್ತಿದ್ದಾರೆ. ಈಗಂತೂ ಎಐ ಕೈಯಲ್ಲಿ ಬರೆಸಿಕೊಳ್ಳುತ್ತಿದ್ದಾರೆ. ಕೋಡ್ ಎರಡು ನಿಮಿಷದಲ್ಲಿ ಸಿಕ್ಕಿಬಿಡುತ್ತದೆ. ಆ ಕೋಡ್ ಕರೆಯುವ ಎಪಿಐ ಏನು ಭರವಸೆ ಕೊಡುತ್ತದೆ, ಏನು ಕೊಡುವುದಿಲ್ಲ ಅನ್ನುವುದು ಮಾತ್ರ ಕೋಡ್ ನೋಡಿದರೆ ಕಾಣುವುದಿಲ್ಲ. ಅದನ್ನು ಇಲ್ಲಿ ಬಿಡಿಸಿ ನೋಡೋಣ.

## ಬೇಕಾದಷ್ಟು ಹಿನ್ನೆಲೆ

ವರ್ಚುವಲ್ ಮಷಿನ್, ಚಿಕ್ಕದಾಗಿ ವಿಎಂ, ಅಂದರೆ ಒಂದು ನಿಜವಾದ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟಿಕೊಟ್ಟ ಇನ್ನೊಂದು ಕಂಪ್ಯೂಟರ್. ಅದಕ್ಕೆ ತನ್ನದೇ ಡಿಸ್ಕ್, ಮೆಮೊರಿ, ಆಪರೇಟಿಂಗ್ ಸಿಸ್ಟಂ ಇರುತ್ತವೆ. ಹೊರಗಿನ ನಿಜವಾದ ಕಂಪ್ಯೂಟರನ್ನು ಹೋಸ್ಟ್ ಅನ್ನುತ್ತಾರೆ. ಒಂದು ಹೋಸ್ಟ್ ಮೇಲೆ ಹತ್ತಾರು ವಿಎಂಗಳು ಜಗಳವಿಲ್ಲದೆ ಇರುವಂತೆ ನೋಡಿಕೊಳ್ಳುವ ಸಾಫ್ಟ್‌ವೇರೇ ಹೈಪರ್‌ವೈಸರ್. ಕ್ಸೆನ್, ಕೆವಿಎಂ ಈ ಬಗೆಯವು. ಕೆವಿಎಂ 2007ರಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಭಾಗವೇ ಆಗಿದೆ.

ಎಪಿಐ ಅಂದರೆ ಒಂದು ಪ್ರೋಗ್ರಾಂ ಇನ್ನೊಂದನ್ನು ಏನೇನು ಕೇಳಬಹುದು, ಯಾವ ರೂಪದಲ್ಲಿ ಉತ್ತರ ಬರುತ್ತದೆ ಅನ್ನುವ ಒಪ್ಪಂದ. ಹಾಗೆ ಒಂದು ಸಲ ಕೇಳುವುದನ್ನು ಕರೆ ಅನ್ನುತ್ತಾರೆ. ಒಮ್ಮೆ ಹೊರಗೆ ಬಿಟ್ಟ ಮೇಲೆ ಈ ಒಪ್ಪಂದ ಬದಲಿಸುವುದು ಬಹಳ ಕಷ್ಟ. ಅದನ್ನು ನಂಬಿ ಬರೆದ ಸಾವಿರಾರು ಪ್ರೋಗ್ರಾಂಗಳು ಎಲ್ಲೆಲ್ಲೋ ಓಡುತ್ತಿರುತ್ತವೆ. ಮೊದಲ ದಿನ ತಪ್ಪಿ ಬಿದ್ದ ವಿನ್ಯಾಸ ವರ್ಷಗಟ್ಟಲೆ ಉಳಿದುಬಿಡುತ್ತದೆ.

## ಒಂದೇ ವಿಎಂಗೆ ಮೂರು ಗುರುತು

ಪಟ್ಟಿಯಲ್ಲಿ ವಿಎಂ ಅನ್ನು ಯಾವ ಗುರುತಿನಿಂದ ಕರೆಯುವುದು? ಇದು ಮೊದಲ ತೀರ್ಮಾನ. ಲಿನಕ್ಸ್‌ನಲ್ಲಿ ವಿಎಂ ನೋಡಿಕೊಳ್ಳಲು ತುಂಬಾ ಬಳಕೆಯಲ್ಲಿರುವ ಲಿಬ್‌ವರ್ಟ್ ಅನ್ನುವ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ತೆಗೆದುಕೊಳ್ಳಿ. ಅದರಲ್ಲಿ ಒಂದು ವಿಎಂಗೆ ಮೂರು ಗುರುತುಗಳಿವೆ. ಒಂದು, ಮನುಷ್ಯರು ಇಟ್ಟ ಹೆಸರು. ಎರಡು, ಓಡುತ್ತಿರುವಾಗ ಮಾತ್ರ ಇರುವ ಒಂದು ಚಿಕ್ಕ ಸಂಖ್ಯೆ, ಅದನ್ನು ಐಡಿ ಅನ್ನುತ್ತಾರೆ. ಮೂರು, ಯುಯುಐಡಿ ಅನ್ನುವ 128 ಬಿಟ್‌ಗಳ ಉದ್ದನೆಯ ಸಂಖ್ಯೆ.

ಟರ್ಮಿನಲ್‌ನಲ್ಲಿ ಲಿಬ್‌ವರ್ಟ್‌ನ ವರ್ಶ್ ಲಿಸ್ಟ್ (virsh list) ಅಂತ ಕಮಾಂಡ್ ಕೊಟ್ಟು ನೋಡಿ. ಓಡುತ್ತಿರುವ ವಿಎಂಗಳಷ್ಟೇ ಕಾಣುತ್ತವೆ. ಹೊಸಬರು ನಿನ್ನೆ ಮಾಡಿಟ್ಟ ವಿಎಂ ಎಲ್ಲಿ ಹೋಯಿತು ಅಂತ ಗಾಬರಿಯಾಗುವುದು ಇಲ್ಲೇ. ಅದೇ ಕಮಾಂಡ್‌ಗೆ 'ಆಲ್' (--all) ಸೇರಿಸಿದರೆ ನಿಂತಿರುವವೂ ಬರುತ್ತವೆ. ಅವುಗಳ ಐಡಿ ಇರಬೇಕಾದ ಕಡೆ ಬರೀ ಒಂದು ಅಡ್ಡಗೆರೆ ಇರುತ್ತದೆ. ಒಂದು ವಿಎಂ ಅನ್ನು ನಿಲ್ಲಿಸಿ ಮತ್ತೆ ಶುರು ಮಾಡಿ, ಐಡಿ ಬದಲಾಗಿರುತ್ತದೆ. ಯಾರಾದರೂ ಈ ಐಡಿಯನ್ನು ಫೈಲ್‌ನಲ್ಲಿ ಬರೆದಿಟ್ಟುಕೊಂಡು ನಾಳೆ ಬಳಸಹೊರಟರೆ ಅದು ಇಲ್ಲದ ವಿಎಂ ಆಗಿರಬಹುದು. ಹೋಸ್ಟ್ ರೀಬೂಟ್ ಆಗಿ ಎಣಿಕೆ ಮೊದಲಿಂದ ಶುರುವಾಗಿದ್ದರೆ ಬೇರೊಂದು ವಿಎಂ ಕೂಡ ಆಗಿರಬಹುದು.

ಹೆಸರನ್ನು ಬದಲಿಸಬಹುದು. ಬೇರೆ ಹೋಸ್ಟ್‌ನಲ್ಲಿ ಅದೇ ಹೆಸರಿನ ಇನ್ನೊಂದು ವಿಎಂ ಇರಬಹುದು. ಬರೆದಿಟ್ಟುಕೊಳ್ಳಲು ಯೋಗ್ಯವಾದದ್ದು ಯುಯುಐಡಿ ಒಂದೇ. ಹಾಗಾಗಿ ಪಟ್ಟಿ ಕೊಡುವ ಎಪಿಐ ಬೇರೆ ಏನು ಬಿಟ್ಟರೂ, ಬದಲಾಗದ ಈ ಗುರುತನ್ನು ಪ್ರತಿ ಸಾಲಿನಲ್ಲೂ ಕೊಡಲೇಬೇಕು.

## ಎರಡು ಕರೆಗಳ ನಡುವಿನ ಸಂದು

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಲಿಬ್‌ವರ್ಟ್ ಶುರುವಾದದ್ದು 2005ರಲ್ಲಿ. ಅದರ ಹಳೆಯ ಎಪಿಐನಲ್ಲಿ ಪಟ್ಟಿ ಪಡೆಯಲು ಎರಡು ಹೆಜ್ಜೆ. ಮೊದಲು 'ಓಡುತ್ತಿರುವವು ಎಷ್ಟಿವೆ' ಅಂತ ಕೇಳಬೇಕು. ಅದು 5 ಅನ್ನುತ್ತದೆ. ನೀವು 5 ಐಡಿ ಹಿಡಿಸುವಷ್ಟು ಮೆಮೊರಿ ತೆಗೆದಿಟ್ಟು, ಎರಡನೇ ಕರೆಯಲ್ಲಿ 'ಇದರಲ್ಲಿ ತುಂಬಿಸಿಕೊಡು' ಅನ್ನಬೇಕು. ಈ ಎರಡರ ನಡುವೆ ಯಾರೋ ಆರನೇ ವಿಎಂ ಶುರು ಮಾಡಿದರು ಅಂದುಕೊಳ್ಳಿ. ನಿಮಗೆ 5 ಐಡಿ ಬರುತ್ತವೆ. ಕೊಟ್ಟ ಜಾಗ ತುಂಬಿದೆ, ಎರರ್ ಇಲ್ಲ, ಕೇಳಿದಷ್ಟೂ ಸಿಕ್ಕಿದೆ. ಒಂದು ವಿಎಂ ಮಾತ್ರ ಪಟ್ಟಿಯಿಂದ ಹೊರಗೆ ಉಳಿಯಿತು.

ಲಿಬ್‌ವರ್ಟ್‌ನ ದಾಖಲೆ ಇದನ್ನು ಮುಚ್ಚಿಡುವುದಿಲ್ಲ. ಕೊಟ್ಟ ಜಾಗಕ್ಕಿಂತ ಕಡಿಮೆ ಉತ್ತರ ಬಂದರೆ ಮಾತ್ರ ಎಲ್ಲವೂ ಬಂದಿವೆ ಅಂತ ನಂಬಬಹುದು ಅಂತ ಅದರಲ್ಲೇ ಬರೆದಿದೆ. ಅಂದರೆ 5 ಇವೆ ಅಂದಾಗ 6ಕ್ಕೆ ಜಾಗ ಇಡಬೇಕು. ಆರಕ್ಕೆ ಆರೂ ತುಂಬಿ ಬಂದರೆ ಅನುಮಾನ ಪಟ್ಟು ಮತ್ತೆ ಮೊದಲಿಂದ ಕೇಳಬೇಕು. ದಾಖಲೆಯ ಈ ಒಂದು ಸಾಲು ಓದದವರ ಕೋಡ್ ನೂರು ಸಲ ಸರಿಯಾಗಿ ಓಡಿ, ಯಾವತ್ತೋ ಒಂದು ದಿನ ಸದ್ದಿಲ್ಲದೆ ತಪ್ಪುತ್ತದೆ.

ಇದಕ್ಕಿಂತ ದೊಡ್ಡ ಸಂದು ಇನ್ನೊಂದಿತ್ತು. ಓಡುತ್ತಿರುವವಕ್ಕೆ ಒಂದು ಕರೆ, ನಿಂತಿರುವವಕ್ಕೆ ಬೇರೆಯದೇ ಕರೆ. ಮೊದಲನೆಯದು ಐಡಿ ಕೊಡುತ್ತಿತ್ತು, ಎರಡನೆಯದು ಹೆಸರು ಕೊಡುತ್ತಿತ್ತು. ಈಗ ಯೋಚಿಸಿ. ನೀವು ಓಡುತ್ತಿರುವವನ್ನು ಕೇಳುತ್ತೀರಿ. ಆಗ ಒಂದು ವಿಎಂ ನಿಂತಿದೆ, ಹಾಗಾಗಿ ಬರಲಿಲ್ಲ. ನೀವು ಎರಡನೇ ಕರೆ ಮಾಡುವಷ್ಟರಲ್ಲಿ ಅದು ಎದ್ದು ಓಡತೊಡಗಿತು. ನಿಂತಿರುವವುಗಳ ಪಟ್ಟಿಯಲ್ಲೂ ಅದಿಲ್ಲ. ಆ ವಿಎಂ ಎಲ್ಲೂ ಹೋಗಿಲ್ಲ, ಅಳಿದಿಲ್ಲ, ಎರಡೂ ಪಟ್ಟಿಯಲ್ಲಿ ಮಾತ್ರ ಇಲ್ಲ. ಉಲ್ಟಾ ಆದರೆ, ಅಂದರೆ ಓಡುತ್ತಿದ್ದದ್ದು ನಡುವೆ ನಿಂತರೆ, ಒಂದೇ ವಿಎಂ ಎರಡು ಸಲ ಬರುತ್ತದೆ. ಒಂದು ಕಡೆ ಐಡಿ, ಇನ್ನೊಂದು ಕಡೆ ಹೆಸರು ಇರುವುದರಿಂದ ಎರಡೂ ಒಂದೇ ಅಂತ ಸುಲಭವಾಗಿ ಹಿಡಿಯುವುದಕ್ಕೂ ಆಗುವುದಿಲ್ಲ.

2012ರಲ್ಲಿ, 0.9.13ನೇ ಆವೃತ್ತಿಯಲ್ಲಿ, ಇದಕ್ಕೆ ಮದ್ದು ಬಂತು. 'ಲಿಸ್ಟ್ ಆಲ್ ಡೊಮೇನ್ಸ್' ಅನ್ನುವ ಹೊಸ ಕರೆ. ಲಿಬ್‌ವರ್ಟ್ ಭಾಷೆಯಲ್ಲಿ ಡೊಮೇನ್ ಅಂದರೆ ವಿಎಂ. ಓಡುವವು, ನಿಂತವು ಎಲ್ಲವನ್ನೂ ಒಂದೇ ಕರೆಯಲ್ಲಿ ಕೊಡುತ್ತದೆ. ಎಷ್ಟು ಜಾಗ ಬೇಕು ಅಂತ ಲೈಬ್ರರಿಯೇ ನೋಡಿಕೊಳ್ಳುತ್ತದೆ. ನೀವು ಮೊದಲೇ ಎಣಿಸುವ ಅಗತ್ಯವಿಲ್ಲ, ಹಾಗಾಗಿ ಎಣಿಕೆಗೂ ಪಟ್ಟಿಗೂ ನಡುವೆ ಸಂದೇ ಇಲ್ಲ. ಹಳೆಯ ಕರೆಗಳನ್ನು ತೆಗೆದುಹಾಕಿಲ್ಲ, ಅವನ್ನು ನಂಬಿದ ಪ್ರೋಗ್ರಾಂಗಳು ಇನ್ನೂ ಓಡಬೇಕಲ್ಲ.

ಹೊಸ ಕರೆಯೂ ಒಂದು ವಿಷಯ ಬದಲಿಸಲಾರದು. ಪಟ್ಟಿ ಕೈಗೆ ಬಂದ ಮೇಲೂ ವಿಎಂಗಳು ಏಳುತ್ತವೆ, ನಿಲ್ಲುತ್ತವೆ, ಅಳಿಯುತ್ತವೆ. ಪಟ್ಟಿಯಲ್ಲಿದ್ದ ವಿಎಂ ಬಗ್ಗೆ ಮುಂದಿನ ಸಾಲಿನಲ್ಲಿ ಏನೋ ಕೇಳಿದಾಗ 'ಅಂಥದ್ದು ಇಲ್ಲ' ಅಂತ ಉತ್ತರ ಬಂದರೆ ಅದು ಸಹಜ. ಇಡೀ ಸ್ಕ್ರಿಪ್ಟ್ ಅಲ್ಲೇ ಕುಸಿಯಬಾರದು. ಆ ಒಂದನ್ನು ಬಿಟ್ಟು ಮುಂದೆ ಹೋಗಬೇಕು.

## ಪಟ್ಟಿಯಲ್ಲಿ ಎಷ್ಟು ವಿವರ?

ಹೆಸರು ಮತ್ತು ಯುಯುಐಡಿ ಮಾತ್ರ ಕೊಟ್ಟರೆ ಉತ್ತರ ಬೇಗ ಬರುತ್ತದೆ. ಆದರೆ ಕೇಳುವವರಿಗೆ ಮೆಮೊರಿ ಎಷ್ಟು, ಸಿಪಿಯು ಎಷ್ಟು ಅನ್ನುವುದೂ ಬೇಕಾಗಿರುತ್ತದೆ. ಆಗ ಪ್ರತಿ ವಿಎಂಗೂ ಒಂದೊಂದು ಕರೆ ಮಾಡಬೇಕು. ಒಂದು ಕರೆಗೆ 20 ಮಿಲಿಸೆಕೆಂಡ್ ಅಂದರೂ 500 ವಿಎಂಗಳಿಗೆ 10 ಸೆಕೆಂಡ್. ಮಾನಿಟರಿಂಗ್ ಪ್ರೋಗ್ರಾಂ ಇದನ್ನೇ ಅರ್ಧ ನಿಮಿಷಕ್ಕೊಮ್ಮೆ ಮಾಡಿದರೆ ಸರ್ವರ್‌ನ ಸಮಯದಲ್ಲಿ ಮೂರನೇ ಒಂದು ಭಾಗ ಬರೀ ಇದಕ್ಕೇ ಹೋಗುತ್ತದೆ.

ಎಲ್ಲ ವಿವರವನ್ನೂ ಪಟ್ಟಿಯಲ್ಲೇ ತುಂಬಿಬಿಟ್ಟರೆ? ಆಗ ಬರೀ ಹೆಸರು ಬೇಕಿದ್ದವರೂ ಕಾಯಬೇಕು. ಹೆಸರು ಎಲ್ಲೋ ಬರೆದಿಟ್ಟದ್ದು, ತಕ್ಷಣ ಸಿಗುತ್ತದೆ. ಈ ಕ್ಷಣದ ಮೆಮೊರಿ ಬಳಕೆ ಹಾಗಲ್ಲ, ಓಡುತ್ತಿರುವ ವಿಎಂ ಅನ್ನೇ ಕೇಳಿ ತರಬೇಕು, ಮತ್ತು ಆ ವಿಎಂ ಎಲ್ಲೋ ಸಿಕ್ಕಿಹಾಕಿಕೊಂಡು ಉತ್ತರ ಕೊಡದಿದ್ದರೆ ಅದೊಂದರಿಂದ ಇಡೀ ಪಟ್ಟಿ ನಿಂತುಬಿಡುತ್ತದೆ.

ಬೇರೆ ಬೇರೆಯವರು ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಸ್ವಂತ ಕ್ಲೌಡ್ ಕಟ್ಟಿಕೊಳ್ಳಲು ಬಳಸುವ ಓಪನ್‌ಸ್ಟ್ಯಾಕ್ ಸಾಫ್ಟ್‌ವೇರ್‌ನಲ್ಲಿ ಎರಡು ವಿಳಾಸಗಳಿವೆ, ಒಂದು ಚಿಕ್ಕ ಪಟ್ಟಿಗೆ, ಇನ್ನೊಂದು ವಿವರವಾದ ಪಟ್ಟಿಗೆ. ಗೂಗಲ್‌ನ ವಿಎಂ ಸೇವೆಯಾದ ಕಂಪ್ಯೂಟ್ ಎಂಜಿನ್‌ನಲ್ಲಿ ಯಾವ ಯಾವ ಕಾಲಂ ಬೇಕು ಅಂತ ಕೇಳುವವರೇ ಹೇಳಬಹುದು. ಲಿಬ್‌ವರ್ಟ್ 2014ರಲ್ಲಿ ಎಲ್ಲ ವಿಎಂಗಳ ಅಂಕಿಅಂಶವನ್ನು ಒಂದೇ ಸಲಕ್ಕೆ ತರುವ ಕರೆ ಸೇರಿಸಿತು. ಅದರಲ್ಲೂ ಸಿಪಿಯು ಬೇಕಾ, ಡಿಸ್ಕ್ ಬೇಕಾ, ನೆಟ್‌ವರ್ಕ್ ಬೇಕಾ ಅಂತ ಆರಿಸಬಹುದು. ಬರೆದಿಟ್ಟ ವಿವರ ಒಂದು ಕಡೆ, ಕೇಳಿ ತರಬೇಕಾದ ವಿವರ ಇನ್ನೊಂದು ಕಡೆ ಇಟ್ಟರೆ ಯಾರಿಗೂ ಸುಮ್ನೆ ಕಾಯುವ ಕೆಲಸ ಇರುವುದಿಲ್ಲ.

## ಫಿಲ್ಟರ್

'ಓಡುತ್ತಿರುವವು ಮಾತ್ರ ಬೇಕು' ಅನ್ನುವುದು ಫಿಲ್ಟರ್. ಎಲ್ಲವನ್ನೂ ತಂದು ನಮ್ಮ ಕಡೆಯೇ ಸೋಸಬಹುದು, ಆದರೆ 10,000 ವಿಎಂ ತರಿಸಿ 12 ಉಳಿಸಿಕೊಳ್ಳುವುದು ಎರಡೂ ಕಡೆಗೆ ದಂಡ. ಹಾಗಾಗಿ ಸರ್ವರ್ ಕಡೆಯೇ ಸೋಸುವ ಸೌಲಭ್ಯ ಬೇಕು.

ಇಲ್ಲಿ ಗೊಂದಲ ಹುಟ್ಟುವುದು ಎರಡು ಷರತ್ತು ಕೊಟ್ಟಾಗ. 'ಓಡುತ್ತಿರುವ' ಮತ್ತು 'ತಡೆದು ನಿಲ್ಲಿಸಿದ' ಎರಡನ್ನೂ ಟಿಕ್ ಮಾಡಿದರೆ ಅರ್ಥ ಏನು? ಒಂದು ವಿಎಂ ಎರಡೂ ಆಗಿರಲಾರದು, ಹಾಗಾಗಿ 'ಇದು ಅಥವಾ ಅದು' ಅಂತಲೇ ಅರ್ಥ. ಆದರೆ 'ಓಡುತ್ತಿರುವ' ಮತ್ತು 'ಸ್ನ್ಯಾಪ್‌ಶಾಟ್ ಇರುವ' ಅಂದರೆ ಎರಡೂ ಇರಬೇಕು ಅಂತ ಅರ್ಥ. (ಸ್ನ್ಯಾಪ್‌ಶಾಟ್ ಅಂದರೆ ವಿಎಂ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೇ ಉಳಿಸಿಟ್ಟ ಪ್ರತಿ.) ಲಿಬ್‌ವರ್ಟ್ ಇದನ್ನು ಗುಂಪುಗಳಾಗಿ ಬಿಡಿಸಿತು. ಸ್ಥಿತಿ ಒಂದು ಗುಂಪು, ಸ್ನ್ಯಾಪ್‌ಶಾಟ್ ಇದೆಯೋ ಇಲ್ಲವೋ ಅನ್ನುವುದು ಇನ್ನೊಂದು ಗುಂಪು. ಗುಂಪಿನ ಒಳಗೆ 'ಅಥವಾ', ಗುಂಪುಗಳ ನಡುವೆ 'ಮತ್ತು'. ಏನೂ ಹೇಳದಿದ್ದರೆ ಎಲ್ಲವೂ ಬರುತ್ತವೆ. ಅಮೆಜಾನ್‌ನ ವಿಎಂ ಸೇವೆಯಾದ ಇಸಿ2ನಲ್ಲೂ ಹೀಗೇ, ಒಂದು ಫಿಲ್ಟರ್‌ಗೆ ಹಲವು ಮೌಲ್ಯ ಕೊಟ್ಟರೆ 'ಅಥವಾ', ಹಲವು ಫಿಲ್ಟರ್ ಕೊಟ್ಟರೆ 'ಮತ್ತು'. ಜನ ಸಹಜವಾಗಿ ಏನು ಊಹಿಸುತ್ತಾರೋ ಅದೇ ನಿಯಮವಾಗಿದೆ, ಇದು ಒಳ್ಳೆಯ ವಿನ್ಯಾಸ.

ಗೊತ್ತಿಲ್ಲದ ಫಿಲ್ಟರ್ ಬಂದರೆ ಎಪಿಐ ಎರರ್ ಕೊಡಬೇಕು, ನಿರ್ಲಕ್ಷಿಸಬಾರದು. ನಿರ್ಲಕ್ಷಿಸಿದರೆ ಸ್ಪೆಲಿಂಗ್ ತಪ್ಪಿದವರಿಗೆ ಸೋಸದ ಇಡೀ ಪಟ್ಟಿ ಸಿಗುತ್ತದೆ. ಆ ಪಟ್ಟಿಯನ್ನು ಹಿಡಿದು ಅವರು 'ಎಲ್ಲವನ್ನೂ ನಿಲ್ಲಿಸು' ಅಂದರೆ ಏನಾಗುತ್ತದೆ ಊಹಿಸಿ.

## ಪುಟ ಪುಟವಾಗಿ ಕೊಡುವುದು

ಪಟ್ಟಿ ತುಂಬಾ ಉದ್ದವಾದರೆ ತುಂಡು ಮಾಡಿ ಕೊಡಬೇಕು. ಇಸಿ2ನಲ್ಲಿ ಒಂದು ಸಲಕ್ಕೆ 5ರಿಂದ 1000ದವರೆಗೆ ಎಷ್ಟು ಬೇಕು ಅಂತ ಹೇಳಬಹುದು. ಕಂಪ್ಯೂಟ್ ಎಂಜಿನ್‌ನಲ್ಲಿ ಒಂದು ಪುಟಕ್ಕೆ ಹೆಚ್ಚೆಂದರೆ 500. ವಿಎಂಗಳನ್ನು ನೋಡಿಕೊಳ್ಳುವ ವಿಎಂವೇರ್ ಕಂಪನಿಯ ಸಾಫ್ಟ್‌ವೇರ್ ವಿಸೆಂಟರ್. ಅದರ ರೆಸ್ಟ್ ಎಪಿಐ (ವೆಬ್ ವಿಳಾಸಗಳ ಮೂಲಕ ಕೇಳುವಂಥದ್ದು) ಬೇರೆ ದಾರಿ ಹಿಡಿಯಿತು: ಪುಟಗಳೇ ಇಲ್ಲ. ಈಚಿನ ಆವೃತ್ತಿಗಳಲ್ಲಿ ಹೆಚ್ಚೆಂದರೆ 4000 ವಿಎಂ ಕೊಡುತ್ತದೆ, ಅದಕ್ಕಿಂತ ಜಾಸ್ತಿ ಇದ್ದರೆ ಎರರ್. ನೀವೇ ಫಿಲ್ಟರ್ ಹಾಕಿ ಚಿಕ್ಕದು ಮಾಡಿಕೊಳ್ಳಬೇಕು. ಕಠಿಣ ಅನ್ನಿಸಬಹುದು, ಆದರೆ ಅರ್ಧ ಪಟ್ಟಿ ಕೊಟ್ಟು ಸುಮ್ಮನಾಗುವುದಕ್ಕಿಂತ ಎರರ್ ಎಷ್ಟೋ ಮೇಲು.

ಪುಟ ಮಾಡುವ ಸುಲಭದ ದಾರಿ ಎಣಿಕೆಯದ್ದು: 'ಮೊದಲ 100 ಬಿಟ್ಟು ಮುಂದಿನ 100 ಕೊಡು'. ಇದರ ತೊಂದರೆ ನೋಡಲು ಒಂದು ಕ್ಯೂ ಕಲ್ಪಿಸಿಕೊಳ್ಳಿ. ಮೊದಲ 100 ಜನರನ್ನು ಮಾತಾಡಿಸಿ ಆಯಿತು. ಅಷ್ಟರಲ್ಲಿ ಅವರಲ್ಲೊಬ್ಬರು ಸಾಲು ಬಿಟ್ಟು ಹೋದರು, ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಈಗ '101ನೆಯವರಿಂದ ಬನ್ನಿ' ಅಂದರೆ, ಮೊದಲು 101ನೇ ಜಾಗದಲ್ಲಿದ್ದವರು 100ಕ್ಕೆ ಸರಿದಿದ್ದಾರೆ, ಅವರನ್ನು ಯಾರೂ ಮಾತಾಡಿಸುವುದಿಲ್ಲ. ಅದರ ಬದಲು 'ಕೊನೆಗೆ ಮಾತಾಡಿಸಿದವರ ಹಿಂದೆ ಇರುವವರು ಬನ್ನಿ' ಅಂದರೆ ಯಾರೂ ತಪ್ಪುವುದಿಲ್ಲ.

ವಿಎಂ ಪಟ್ಟಿಯಲ್ಲೂ ಹಾಗೇ. ಒಂದು ಪುಟದ ಜೊತೆಗೆ ಸರ್ವರ್ ಒಂದು ಟೋಕನ್ ಕೊಡುತ್ತದೆ, ಮುಂದಿನ ಪುಟ ಕೇಳುವಾಗ ಅದನ್ನೇ ವಾಪಸ್ ಕೊಡಬೇಕು. ಇಲ್ಲಿವರೆಗೆ ಕೊಟ್ಟಾಯಿತು ಅನ್ನುವ ಗುರುತು ಅದರೊಳಗೆ ಇರುತ್ತದೆ. ಇದು ಸರಿಯಾಗಿ ನಡೆಯಬೇಕಾದರೆ ಪಟ್ಟಿಯ ಕ್ರಮ ಬದಲಾಗದ ವಿಷಯದ ಮೇಲೆ ನಿಂತಿರಬೇಕು, ಉದಾಹರಣೆಗೆ ವಿಎಂ ಹುಟ್ಟಿದ ಸಮಯ. ಒಂದೇ ಕ್ಷಣದಲ್ಲಿ ಎರಡು ಹುಟ್ಟಿರಬಹುದು, ಹಾಗಾಗಿ ಜೊತೆಗೆ ಯುಯುಐಡಿಯೂ ಬೇಕು. ಹೆಸರಿನ ಕ್ರಮದಲ್ಲಿ ಕೊಟ್ಟರೆ, ನಡುವೆ ಯಾರೋ ಹೆಸರು ಬದಲಿಸಿದಾಗ ಒಂದು ವಿಎಂ ಮುಗಿದ ಪುಟಕ್ಕೆ ಜಿಗಿದು ತಪ್ಪಿಹೋಗಬಹುದು.

ಪುಟ ಖಾಲಿ ಬಂತು ಅಂತ ಪಟ್ಟಿ ಮುಗಿಯಿತು ಅಂದುಕೊಳ್ಳಬೇಡಿ. ಸರ್ವರ್ ಮೊದಲು ತುಂಡು ಮಾಡಿ ಆಮೇಲೆ ಸೋಸುತ್ತಿದ್ದರೆ ಒಂದು ತುಂಡಿನಲ್ಲಿ ಏನೂ ಉಳಿಯದೇ ಇರಬಹುದು. ಟೋಕನ್ ಬರುವುದು ನಿಂತಾಗಲೇ ಪಟ್ಟಿ ಮುಗಿದದ್ದು.

## 'ಓಡುತ್ತಿದೆ' ಅಂದರೆ ಏನು?

ಆನ್, ಆಫ್ ಎರಡೇ ಸ್ಥಿತಿ ಸಾಲುವುದಿಲ್ಲ. ಇಸಿ2ನಲ್ಲಿ ಆರು ಸ್ಥಿತಿಗಳಿವೆ: ಪೆಂಡಿಂಗ್, ರನ್ನಿಂಗ್, ಸ್ಟಾಪಿಂಗ್, ಸ್ಟಾಪ್ಡ್, ಶಟಿಂಗ್ ಡೌನ್, ಟರ್ಮಿನೇಟೆಡ್. ಅಳಿಸಿದ ವಿಎಂ ಕೂಡ ಸ್ವಲ್ಪ ಹೊತ್ತು, ಸಾಮಾನ್ಯವಾಗಿ ಒಂದು ಗಂಟೆಗಿಂತ ಕಡಿಮೆ, ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬರೀ ಸಾಲು ಎಣಿಸುವ ಸ್ಕ್ರಿಪ್ಟ್ ಇದನ್ನೂ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ಮುಂದೆ ಹೊಸ ಸ್ಥಿತಿಗಳು ಸೇರಬಹುದು. ಲಿಬ್‌ವರ್ಟ್‌ನಲ್ಲೂ ವಿಎಂ ಒಳಗಿನಿಂದಲೇ ನಿದ್ದೆಗೆ ಹೋದ ಸ್ಥಿತಿ ಆಮೇಲೆ ಸೇರಿದ್ದು. 'ರನ್ನಿಂಗ್ ಅಲ್ಲದ್ದೆಲ್ಲ ಆಫ್' ಅಂತ ಬರೆದ ಕೋಡ್ ಅವತ್ತು ತಪ್ಪು ಹೇಳತೊಡಗುತ್ತದೆ. ಗೊತ್ತಿಲ್ಲದ ಸ್ಥಿತಿ ಕಂಡರೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಬೇಕು.

## ಪದೇ ಪದೇ ಕೇಳುವ ಬದಲು

ಏನಾದರೂ ಬದಲಾಯಿತಾ ಅಂತ ಐದು ಸೆಕೆಂಡಿಗೊಮ್ಮೆ ಇಡೀ ಪಟ್ಟಿ ಕೇಳುವುದಕ್ಕಿಂತ, ಬದಲಾದಾಗ ಹೇಳು ಅಂತ ಕೋರಿಕೊಳ್ಳುವುದು ಹಗುರ. ಲಿಬ್‌ವರ್ಟ್‌ನಲ್ಲಿ ವಿಎಂ ಶುರುವಾದಾಗ, ನಿಂತಾಗ ಸುದ್ದಿ ಬರುವ ಸೌಲಭ್ಯ ಇದೆ. ಆದರೆ ಕ್ರಮ ಮುಖ್ಯ. ಮೊದಲು ಪಟ್ಟಿ ತೆಗೆದು ಆಮೇಲೆ ಸುದ್ದಿ ಕೋರಿಕೊಂಡರೆ, ನಡುವೆ ಆದದ್ದು ಎರಡರಲ್ಲೂ ಇರುವುದಿಲ್ಲ. ಮೊದಲು ಸುದ್ದಿ ಕೋರಿಕೊಂಡು ಆಮೇಲೆ ಪಟ್ಟಿ ತೆಗೆದರೆ ಒಂದೇ ವಿಷಯ ಎರಡು ಸಲ ತಿಳಿಯಬಹುದು ಅಷ್ಟೇ, ತಪ್ಪಿಹೋಗುವುದಿಲ್ಲ.

## ಅರ್ಧ ಉತ್ತರ ಸಿಕ್ಕಾಗ

ಒಂದೇ ಹೋಸ್ಟ್ ಇದ್ದಾಗ ಈ ಪ್ರಶ್ನೆ ಬರುವುದಿಲ್ಲ. 40 ಹೋಸ್ಟ್ ಇದ್ದು, ಅದರಲ್ಲಿ ಒಂದರ ನೆಟ್‌ವರ್ಕ್ ಕಡಿದುಹೋಗಿದೆ ಅನ್ನಿ. ಅಲ್ಲಿನ ವಿಎಂಗಳು ಬಹುಶಃ ಚೆನ್ನಾಗಿಯೇ ಓಡುತ್ತಿವೆ, ಕೇಳಲು ದಾರಿ ಇಲ್ಲ. ಪಟ್ಟಿ ಕೇಳಿದವರಿಗೆ ಎಪಿಐ ಏನು ಹೇಳಬೇಕು?

ಇಡೀ ಕರೆಯನ್ನೇ ಫೇಲ್ ಮಾಡುವುದು ಒಂದು ದಾರಿ. ಒಂದು ಅವೈಲಬಿಲಿಟಿ ಜೋನ್ (ಕ್ಲೌಡ್‌ನ ಒಂದು ಪ್ರತ್ಯೇಕ ಡೇಟಾ ಸೆಂಟರ್ ಭಾಗ) ಕೆಟ್ಟಿರುವ ಅಪರೂಪದ ಹೊತ್ತಿನಲ್ಲಿ ಇಸಿ2 ಹೀಗೆ ಮಾಡುತ್ತದೆ ಅಂತ ಅದರ ದಾಖಲೆ ಹೇಳುತ್ತದೆ. ಚೆನ್ನಾಗಿರುವ ಜೋನ್‌ನ ವಿಎಂಗಳನ್ನು ಮಾತ್ರ ಹೆಸರಿಸಿ ಕೇಳಿದರೆ ಉತ್ತರ ಸಿಗುತ್ತದೆ. ಸುಳ್ಳು ಪಟ್ಟಿ ಕೊಡುವ ಅಪಾಯ ಇಲ್ಲ, ಆದರೆ ಒಂದು ಮೂಲೆ ಕೆಟ್ಟದ್ದಕ್ಕೆ ಎಲ್ಲರ ಪಟ್ಟಿ ನಿಂತಿತು.

ಎರಡನೆಯದು, ಸಿಕ್ಕಷ್ಟು ಕೊಟ್ಟು, ಯಾವ ಕಡೆ ತಲುಪಲಾಗಲಿಲ್ಲ ಅಂತ ಜೊತೆಗೆ ಹೇಳುವುದು. ಕಂಪ್ಯೂಟ್ ಎಂಜಿನ್‌ನ ಎಲ್ಲ ಜೋನ್‌ಗಳ ಪಟ್ಟಿಯಲ್ಲಿ ಇದು ಇದೆ. ಆದರೆ ತಾನಾಗಿ ಕೊಡುವುದಿಲ್ಲ, ಅರ್ಧ ಉತ್ತರವೂ ಆಗುತ್ತದೆ ಅಂತ ಕೇಳುವವರು ಒಪ್ಪಿ ಹೇಳಬೇಕು. ಉತ್ತರದಲ್ಲಿ ತಲುಪಲಾಗದ ಜಾಗಗಳ ಹೆಸರಿಗೆ ಬೇರೆಯೇ ಜಾಗ ಇದೆ.

ಮೂರನೆಯದು ಓಪನ್‌ಸ್ಟ್ಯಾಕ್ ತನ್ನ ಎಪಿಐನ 2.69ನೇ ಮೈಕ್ರೋವರ್ಷನ್‌ನಲ್ಲಿ (ಚಿಕ್ಕ ಬದಲಾವಣೆಗೆ ಕೊಡುವ ಆವೃತ್ತಿ ಸಂಖ್ಯೆ) ತಂದದ್ದು. ತಲುಪಲಾಗದ ವಿಎಂಗಳ ಬಗ್ಗೆ ಬೇರೆ ಕಡೆ ಬರೆದಿಟ್ಟ ಚೂರುಪಾರು ವಿವರ ಇರುತ್ತದಲ್ಲ, ಅಷ್ಟನ್ನೇ ಕೊಟ್ಟು ಸ್ಥಿತಿ 'ಅನ್‌ನೋನ್' ಅಂತ ಹಾಕುತ್ತದೆ. ವಿಎಂ ಇದೆ ಅಂತ ಗೊತ್ತಾಯಿತು, ಹೇಗಿದೆ ಅಂತ ಮಾತ್ರ ಗೊತ್ತಿಲ್ಲ. ಮೂರರಲ್ಲಿ ಇದೇ ನನಗೆ ಹೆಚ್ಚು ಇಷ್ಟ.

ಮಾಡಲೇಬಾರದ್ದು ನಾಲ್ಕನೆಯದು: ಸಿಕ್ಕಷ್ಟು ಕೊಟ್ಟು, ಎಲ್ಲ ಸರಿಯಿದೆ ಅಂತ ತೋರಿಸಿ, ಉಳಿದದ್ದನ್ನು ಹೇಳದೇ ಇರುವುದು. ಮೊದಲು ಹೇಳಿದ ಡಿಸ್ಕ್ ಅಳಿಸುವ ಸ್ಕ್ರಿಪ್ಟ್ ಇಂಥ ಎಪಿಐ ಮೇಲೆ ರಾತ್ರಿ ಓಡಿತು ಅಂದುಕೊಳ್ಳಿ. ಅದು ವಿಎಂ ಪಟ್ಟಿ ತೆಗೆಯುತ್ತದೆ, ಡಿಸ್ಕ್ ಪಟ್ಟಿ ತೆಗೆಯುತ್ತದೆ, ಯಾವ ವಿಎಂಗೂ ಸೇರದ ಡಿಸ್ಕ್‌ಗಳನ್ನು ಅಳಿಸುತ್ತದೆ. ತಲುಪಲಾಗದ ಹೋಸ್ಟ್‌ನ ವಿಎಂಗಳು ಪಟ್ಟಿಯಲ್ಲಿಲ್ಲ, ಹಾಗಾಗಿ ಅವುಗಳ ಡಿಸ್ಕ್‌ಗಳಿಗೆ ಒಡೆಯರೇ ಇಲ್ಲ ಅಂತ ಅದಕ್ಕೆ ಕಾಣುತ್ತದೆ. ನೀವು ಇಂಥ ಸ್ಕ್ರಿಪ್ಟ್ ಬರೆಯುವವರಾದರೆ, ಎಐ ಬರೆದುಕೊಟ್ಟದ್ದನ್ನು ಓಡಿಸುವವರಾದರೂ ಸರಿ, ಅಳಿಸುವ ಸಾಲಿಗೆ ಮೊದಲು ಮೂರು ವಿಷಯ ನೋಡಿ. ಕೊನೆಯ ಪುಟದವರೆಗೆ ಓದಿದೆಯಾ? ತಲುಪಲಾಗದ ಜಾಗಗಳ ಪಟ್ಟಿ ಖಾಲಿ ಇದೆಯಾ? 'ಅನ್‌ನೋನ್' ಸ್ಥಿತಿಯ ವಿಎಂ ಯಾವುದಾದರೂ ಇದೆಯಾ? ಒಂದಕ್ಕೆ ಅನುಮಾನ ಬಂದರೂ ಅವತ್ತು ಏನೂ ಅಳಿಸದೆ ನಿಲ್ಲಿಸಿ, ನಾಳೆ ರಾತ್ರಿ ಅದು ಮತ್ತೆ ಓಡುತ್ತದೆ.